ನಾಲ್ಕನೇ ಜ್ವರ

ಆ ಕಿಟಕಿ ಪೂರ್ತಿ ಹಾಕಬೇಡಿ. ಒಸಿ ಸಂದು ಬಿಡಿ. ಚಳಿ ಆದರೆ ಕಂಬಳಿ ಹೊದ್ಕೊಳ್ಳಿ, ಯಾರೂ ಸಾಯಲ್ಲ. ಹಾಂ... ಈಗ ಹತ್ತಿರ ಕೂತ್ಕೊಳ್ಳಿ. ಮಧ್ಯದಲ್ಲಿ ಯಾರಾದರೂ ಫೋನ್ ತೆಗೆದರೆ ನಾನು ಅರ್ಧಕ್ಕೇ ಎದ್ದು ಹೋಗ್ತೀನಿ, ಆಮೇಲೆ ಕಾಲು ಹಿಡಿದರೂ ಹೇಳಲ್ಲ.

ಇದು ಯಾರೋ ಹೇಳಿದ್ದನ್ನ ಇನ್ಯಾರೋ ಕೇಳಿ, ಬಾಯಿಂದ ಬಾಯಿಗೆ ಬಂದಿದ್ದಲ್ಲ. ನಮ್ಮ ಚಿಕ್ಕಪ್ಪನ ಮಗ ಚಿಕ್ಕರಾಜುಗೆ ಆಗಿದ್ದು. ಕೆಲವು ವರ್ಷದ ಹಿಂದೆ, ಸಂಕ್ರಾಂತಿ ಆಸುಪಾಸಿನಲ್ಲಿ. ಅವನೇನು ದೊಡ್ಡ ಧೈರ್ಯವಂತ ಅಲ್ಲ ಬಿಡಿ. ಚಿಕ್ಕವನಿದ್ದಾಗ ಹಲ್ಲಿ ಲೊಚಗುಟ್ಟಿದರೂ ಓಡಿಬಂದು ನನ್ನ ಲಂಗ ಹಿಡ್ಕೊತಿದ್ದ. ಆದರೆ ಸುಳ್ಳು ಹೇಳೋ ಜಾಣತನ ಅವನಿಗಿಲ್ಲ. ಸುಳ್ಳು ಬಾಯಿಗೆ ಬಂದರೆ ಕಿವಿ ಕೆಂಪಗಾಗುತ್ತೆ. ಇದನ್ನ ಹೇಳುವಾಗ ನಾನು ಅವನ ಕಿವಿಯನ್ನೇ ನೋಡ್ತಾ ಇದ್ದೆ... ರಕ್ತವೇ ಇಲ್ಲದಂಗೆ ಬಿಳಿಚಿಕೊಂಡಿತ್ತು.

ಅವರ ಊರು ಸಾವನದುರ್ಗದ ಬುಡದಲ್ಲಿ. ಮನೆಯಲ್ಲಿ ಅವನು, ಹೆಂಡತಿ ನಯನ, ನಮ್ಮ ಚಿಕ್ಕಮ್ಮ ದಾಸಮ್ಮ, ಮಗಳು ಮಾನ್ಯ. ಮಾನ್ಯ ಆಗ ಇನ್ನೂ ಒಂದನೇ ಕ್ಲಾಸು. ಒಬ್ಬಳೇ ಮಗಳು. ಅವಳಿಗಿಂತ ಮುಂಚೆ ಎರಡು ಹೊಟ್ಟೆಯಲ್ಲೇ ಹೋಗಿ, ಹರಕೆ ಹೊತ್ತು ಉಳಿಸಿಕೊಂಡ ಮಗು. ಅದು ಒಂದು ಸಲ ಕೆಮ್ಮಿದರೆ ಆ ಮನೆಯಲ್ಲಿ ಯಾರಿಗೂ ತುತ್ತು ಇಳಿಯಲ್ಲ.

ಮನೆ ಹಿಂದೆ ಹುಳದ ಮನೆ. ರೇಷ್ಮೆ ಹುಳ ಮೇಯಿಸ್ತಾರೆ. ಇಲ್ಲೊಂದು ಮಾತು ತಿಳ್ಕೊಳ್ಳಿ, ಇಲ್ಲದಿದ್ದರೆ ಮುಂದಿನದು ತಲೆಗೆ ಹತ್ತಲ್ಲ. ರೇಷ್ಮೆ ಹುಳ ಗೂಡು ಕಟ್ಟೋಕೆ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತೆ. ಪೊರೆ ಬಿಡೋ ಮುಂಚೆ ತಿನ್ನೋದು ನಿಲ್ಲಿಸಿ, ತಲೆ ಮೇಲೆತ್ತಿ, ಅಲ್ಲಾಡದೆ ಕೂತುಬಿಡುತ್ತೆ. ಅದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ಒಂದನೇ ಜ್ವರ, ಎರಡನೇ ಜ್ವರ... ಹಂಗೆ. ಪೊರೆ ಕಳಚಿ ಮತ್ತೆ ಸೊಪ್ಪಿಗೆ ಬಾಯಿ ಹಾಕಿದರೆ, ಜ್ವರ ಎದ್ದವು ಅಂತಾರೆ. ಹುಳ ಮೇಯಿಸೋರು ದಾರಿಯಲ್ಲಿ ಸಿಕ್ಕರೆ ಊಟ ಆಯ್ತಾ ಅಂತ ಕೇಳಲ್ಲ. ಜ್ವರ ಎದ್ವಾ ಅಂತ ಕೇಳ್ತಾರೆ.

ಆ ವಾರ ಅವರ ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಹುಳ ಸೊಪ್ಪು ತಿನ್ನುವಾಗ ಸೂರಿನ ಮೇಲೆ ತುಂತುರು ಬಿದ್ದಂಗೆ ಸರಸರ ಸದ್ದು ಬರುತ್ತೆ. ಮೊದಲ ಸಲ ಕೇಳಿದವರು ಮಳೆ ಬಂತು ಅಂತ ಬಟ್ಟೆ ಎತ್ತಿಡೋಕೆ ಓಡ್ತಾರೆ. ಜ್ವರಕ್ಕೆ ಕೂತ ಮೇಲೆ... ಏನೂ ಇಲ್ಲ. ಒಂದು ಕೋಣೆ ತುಂಬ ಜೀವ, ಒಂದು ಸದ್ದಿಲ್ಲ. ನನಗೆ ಮೊದಲಿಂದಲೂ ಆ ಮೌನ ಆಗಿಬರಲ್ಲ.

ಆ ವರ್ಷದ ಚಳಿ ನಿಮಗೂ ನೆನಪಿರಬೇಕು. ಬೆಳಗ್ಗೆ ಹಾಲಿನವನು ಕೈ ಸೆಟೆದುಕೊಂಡು ಲೋಟ ಬಿಟ್ಟುಬಿಡ್ತಿದ್ದ. ಹುಳಕ್ಕೆ ಮೈಯಲ್ಲಿ ತನ್ನದು ಅಂತ ಬಿಸಿ ಇರಲ್ಲ. ಕೋಣೆ ಎಷ್ಟು ಬೆಚ್ಚಗಿದೆಯೋ ಅದೂ ಅಷ್ಟೇ. ಜ್ವರದಲ್ಲಿ ಚಳಿ ಹಿಡಿದರೆ ಪೊರೆ ಕಳಚೋಕೆ ಆಗದೆ, ಪೊರೆಯೊಳಗೇ ಸಿಕ್ಕಿಕೊಂಡು ಸಾಯುತ್ತೆ. ಅದಕ್ಕೆ ಚಿಕ್ಕರಾಜು ಹುಳದ ಮನೆಗೆ ಕರೆಂಟ್ ಹೀಟರ್ ಇಟ್ಟಿದ್ದ. ಅವತ್ತು ಮಧ್ಯಾಹ್ನ ಊರಿನ ಟಿಸಿ, ಅದೇ ಕರೆಂಟ್ ಟ್ರಾನ್ಸ್‌ಫಾರ್ಮರ್, ಸುಟ್ಟುಹೋಯ್ತು. ಹೀಟರ್ ನಿಂತಿತು.

ಇನ್ನು ಉಳಿದಿದ್ದು ಇದ್ದಲು. ರೋಡ್ ಮೇಲಿನ ಊರಲ್ಲಿ ಇಸ್ತ್ರಿ ಅಂಗಡಿ ತಾಜ್ ಪಾಷಾ ಹತ್ತಿರ ಇದ್ದಲು ಇರುತ್ತೆ. ಇವನು ಹೊರಟರೆ, ಬೈಕ್ ಕಿಕ್ ಹೊಡೆದೂ ಹೊಡೆದೂ ಕಾಲು ನೋಯ್ತೇ ಹೊರತು ಗಾಡಿ ಗುರ್ ಅನ್ನಲಿಲ್ಲ. ಚಳಿಗೆ ಅದೂ ಮುದುಡಿ ಕೂತಿತ್ತು. ನಡೆದೇ ಹೋದ. ತಾಜ್ ಪಾಷಾ ಅಂಗಡಿ ಬಾಗಿಲು ಹಾಕಿ ಮನೆಗೆ ಹೋಗಿದ್ದ. ಅವನನ್ನ ಮನೆಯಿಂದ ಎಬ್ಬಿಸಿ, ಅಂಗಡಿ ತೆಗೆಸಿ, ಅರ್ಧ ಚೀಲ ಇದ್ದಲು ತುಂಬಿಸ್ಕೊಂಡು ಹೊರಡೋ ಹೊತ್ತಿಗೆ ರೋಡಲ್ಲಿ ನಾಯಿಗಳೂ ಸುರುಳಿ ಸುತ್ಕೊಂಡು ಮಲಗಿದ್ದವು.

"ಇಲ್ಲೇ ಬಿದ್ಕೊಳಯ್ಯ, ಬೆಳಿಗ್ಗೆ ಹೋದ್ರಾಯ್ತು," ಅಂದನಂತೆ ಪಾಷಾ.

"ಆಗಲ್ಲ ಸಾಬ್ರೇ, ಹುಳ ಸತ್ತೋಯ್ತವೆ," ಅಂದ ಇವನು.

ಚೀಲ ತಲೆ ಮೇಲಿಟ್ಟುಕೊಂಡು ಹೊರಟ. ದಾರಿ ಅವರೆ ಹೊಲದ ನಡುವೆ. ಹೆಜ್ಜೆ ಹಾಕಿದಂಗೆಲ್ಲ ಚೀಲದಲ್ಲಿ ಇದ್ದಲು ಕರಕ್... ಕರಕ್. ಎದುರಿಗೆ ಸಾವನದುರ್ಗ ಕಪ್ಪಗೆ ನಿಂತಿದೆ. ಹಗಲೆಲ್ಲ ಬಿಸಿಲಿಗೆ ಕಾದ ಬಂಡೆ ರಾತ್ರಿ ತಣ್ಣಗಾಗುವಾಗ ಒಳಗೆಲ್ಲೋ ಬಿಗಿದು ಟಣ್ ಅನ್ನುತ್ತೆ. ಆ ಊರವರಿಗೆ ಅದು ಗೊತ್ತಿರೋದೇ. ಅವನು ಹೆದರಲಿಲ್ಲ.

ಹೊಲ ದಾಟಿದ ಮೇಲೆ ಒಂದು ಆಲದ ಮರ. ಅದರ ಬುಡದಲ್ಲಿ ಹಾಳುಬಾವಿ. ನೀರು ಸೇದೋದು ನಿಲ್ಲಿಸಿ ಎಷ್ಟೋ ಕಾಲ ಆಯ್ತು.

"ಜ್ವರ ಎದ್ವಾ...?"

ಹೆಂಗಸಿನ ದನಿ. ಮೆಲ್ಲಗೆ. ಅವರೆ ಕಾಯೋಕೆ ಬಂದ ಯಾವಳೋ ಇರಬೇಕು ಅಂದ್ಕೊಂಡ. ತಲೆ ಮೇಲೆ ಚೀಲ, ಕತ್ತು ತಿರುಗಿಸೋಕೆ ಆಗಲ್ಲ. ನಡೀತಾನೇ ಹೇಳಿದ.

"ಇಲ್ಲ ಕಣವ್ವ. ಇನ್ನೂ ಕೂತವೆ."

"ಎಷ್ಟನೇದು...?"

"ನಾಕ್ನೇದು."

ಮರದ ಎಲೆ ಕೂಡ ಅಲ್ಲಾಡಲಿಲ್ಲವಂತೆ.

"ಏಳ್ದೇ ಹೋದ್ರೆ...?"

ಅವನಿಗೆ ಕತ್ತು ನೋವು, ಚಳಿ, ಮೇಲೆ ಈ ಅಪಶಕುನದ ಮಾತು ಬೇರೆ. ರೇಗಿತು.

"ಏಳ್ದೇ ಹೋದ್ರೆ ಇನ್ನೇನ್ ಮಾಡಾರು? ತಿಪ್ಪೆಗೆ ಸುರಿಯಾದು."

"ನಂಗ್ ಕೊಡ್ತೀಯಾ...?"

ಸತ್ತ ಹುಳ ಕೋಳಿಗೆ ಹಾಕ್ತಾರೆ. ಹಂಗೆ ಕೇಳೋರು ಊರಲ್ಲಿ ಬೇಕಾದಷ್ಟು ಜನ. ಇವನೂ ಹಂಗೇ ಅಂದ್ಕೊಂಡು, ದೊಡ್ಡ ದಾನಶೂರನ ಥರ ಬಾಯಿಬಿಟ್ಟ ನೋಡಿ.

"ಏಳ್ದಿದ್ದೆಲ್ಲಾ ನಿಂದೇ ಕಣವ್ವ. ಮನೆತಾವ್ ಬಂದು ತಗೊಂಡೋಗು."

"ಬತ್ತೀನಿ..."

ಮುಂದೆ ಹೋದ ಮೇಲೆ ಅವನಿಗೆ ಹೊಳೀತು. ಆ ದನಿ ಮರದ ಕಡೆಯಿಂದ ಬಂದಿರಲಿಲ್ಲ. ಹೊಲದಿಂದಲೂ ಅಲ್ಲ. ಕೆಳಗಿಂದ ಬಂದಿತ್ತು. ಗೋಡೆಗೆ ಬಡಿದು, ಗುಂಯ್ ಅಂತ, ಮೇಲಕ್ಕೆ...

ಓಡಿದ. ಚೀಲ ಬಿಡಲಿಲ್ಲ ಅನ್ನೋದೇ ಆಶ್ಚರ್ಯ.

ಮನೆ ಬಾಗಿಲಲ್ಲಿ ನಯನ ಸೀಮೆಎಣ್ಣೆ ಬುಡ್ಡಿ ಹಿಡ್ಕೊಂಡು ನಿಂತಿದ್ದಳು.

"ರೀ... ಮಗೀಗೆ ಜ್ವರ. ಮೈ ಸುಡ್ತಾ ಐತೆ."

"ಯಾವಾಗಿಂದ? ನಾನ್ ಹೋಗುವಾಗ ಕುಣೀತಿತ್ತಲ್ಲಾ?"

"ಈಗ ಒಸಿ ಹೊತ್ತಿನ ಮುಂಚೆ. ಆಡ್ತಾ ಇದ್ದದ್ದು ಹಂಗೇ ಕುಸ್ದು ಕೂತ್ಕತು. ದೀಪಾವಳಿ ಆದ್ಮೇಲೆ ಇದು ನಾಕ್ನೇ ಸತಿ ಕಣ್ರೀ ಜ್ವರ ಬತ್ತಿರಾದು."

ನಾಲ್ಕನೇದು.

ಚೀಲ ಕೈ ಜಾರಿ ಬಿತ್ತು. ಇದ್ದಲು ಅಂಗಳದ ತುಂಬ ಉರುಳಿತು. ಬಾವಿ ಹತ್ತಿರ ಆಡಿದ ಒಂದೊಂದು ಮಾತೂ ಕಿವಿಯಲ್ಲಿ ತಿರುಗಿ ಕೇಳ್ತಾ ಇತ್ತಂತೆ.

ದಾಸಮ್ಮ ಚಿಕ್ಕಮ್ಮನ ಬಾಯಿ ನಿಮಗೆ ಗೊತ್ತಲ್ಲ. ಹಾಲು ಉಕ್ಕಿದರೂ ಬೈಗುಳ, ಉಕ್ಕದಿದ್ದರೂ ಬೈಗುಳ. ಚಿಕ್ಕರಾಜು ಅವಳನ್ನ ಅಡುಗೆಮನೆ ಮೂಲೆಗೆ ಕರ್ಕೊಂಡು ಹೋಗಿ ಎಲ್ಲಾ ಹೇಳಿದ. ಅವಳು ಬೈಯಲಿಲ್ಲ. ಅದೇ ಅವನಿಗೆ ಜಾಸ್ತಿ ಭಯ ಆಗಿದ್ದು.

"ಏನಂತ ಅಂದ್ಯಪ್ಪಾ? ಅದೇ ಮಾತು ಇನ್ನೊಂದ್ಸಲ ಹೇಳು."

"ಏಳ್ದಿದ್ದೆಲ್ಲಾ ನಿಂದೇ ಅಂದೆ ಕಣವ್ವ."

ಚಿಕ್ಕಮ್ಮ ಗೋಡೆ ಹಿಡ್ಕೊಂಡು ಕೂತಳು. ಆಮೇಲೆ ಪಿಸುದನಿಯಲ್ಲಿ ಹೇಳಿದಳು. "ಅವ್ಳ ಹೆಸ್ರು ಹೇಳಲ್ಲ. ಹೆಸ್ರು ಹಿಡುದ್ರೆ ಕರ್ದಂಗಾಯ್ತದೆ. ನಾನ್ ಮದ್ವೆಯಾಗಿ ಈ ಊರ್ಗೆ ಬಂದ ಹೊಸ್ದು. ಅವ್ಳ ಮನೇಲಿ ಹುಳಕ್ಕೂ ಜ್ವರ, ಕೂಸ್ಗೂ ಜ್ವರ. ಹಿಂಗೇ ಚಳಿ. ಇದ್ದದ್ದು ಒಂದೇ ಅಗ್ಗಿಷ್ಟಿಕೆ. ಅವ್ಳ ಅತ್ತೆ ಮಾವ ಅದ್ನ ಹುಳದ ಮನೇಲಿ ಇಟ್ರು. ಅವ್ಳನ್ನೂ ಕೆಂಡ ನೋಡ್ಕ ಅಂತ ಅಲ್ಲೇ ಕೂರ್ಸುದ್ರು. ಕೂಸು ನಡುಮನೇಲಿ ಒಂದೇ ಮಲ್ಗಿತ್ತು. ಬೆಳಿಗ್ಗೆ ಹುಳ ಎಲ್ಲಾ ಎದ್ದೊ..."

"ಕೂಸು?"

ಚಿಕ್ಕಮ್ಮ ತಲೆ ಅಲ್ಲಾಡಿಸಿದಳು. "ಅದುನ್ನ ಕಂಕುಳಲ್ಲಿ ಎತ್ಕಂಡೇ ಬಾವಿಗೆ ಬಿದ್ಳು. ಅವತ್ನಿಂದ ಹುಳದ ಕಾಲ ಬಂದ್ರೆ ಕೇಳ್ತಾ ಇರ್ತಾಳೆ. ಊರಲ್ಲಿ ದೊಡ್ಡೋರ್ಗೆಲ್ಲಾ ಗೊತ್ತು. ಯಾರೂ ಉತ್ರ ಕೊಡಲ್ಲ. ನೀನ್ ಕೊಟ್ಬುಟ್ಟೆ."

"ಅವ್ವ, ನಾನ್ ಹುಳ ಅಂದ್ಕಂಡು..."

"ಅವ್ಳಿಗೆ ಹುಳ ಯಾಕ್ಲಾ ಬೇಕು?"

ಬಾಗಿಲ ಹಿಂದೆ ನಯನ ನಿಂತು ಎಲ್ಲಾ ಕೇಳಿಸ್ಕೊಂಡಿದ್ದಳು. ಅಳಲಿಲ್ಲ. ಗಂಡನ ಮುಖ ಒಂದು ಸಲ ನೋಡಿ, ಮಗು ಹತ್ತಿರ ಹೋಗಿ, ಅದನ್ನ ಎತ್ತಿ ಎದೆಗೆ ಅವುಚಿಕೊಂಡಳು. ಆ ನೋಟ ಇವತ್ತಿಗೂ ನನಗೆ ಮರೆಯೋಕೆ ಆಗಲ್ಲ ಅಂತಾನೆ ಚಿಕ್ಕರಾಜು.

ಆಸ್ಪತ್ರೆಗೆ ಹೋಗಬಹುದಿತ್ತಲ್ಲ ಅಂತೀರಾ? ನಾನೂ ಅದನ್ನೇ ಕೇಳಿ ಬೈದೆ. ಬೈಕ್ ಏಳಲ್ಲ. ಕರೆಂಟ್ ಹೋದರೆ ಆ ಊರಲ್ಲಿ ಟವರೂ ಮಲಗುತ್ತೆ, ಫೋನ್ ಇದ್ದೂ ದಂಡ. ಹೊತ್ಕೊಂಡು ಹೋಗೋಣ ಅಂದರೆ ಇರೋದು ಅದೊಂದೇ ದಾರಿ. ಬಾವಿ ಮುಂದೆಯೇ ಹೋಗಬೇಕು. ಮನೆಯಲ್ಲಿದ್ದ ಜ್ವರದ ಔಷಧಿ ಕುಡಿಸಿದರು. ಬೆಳಕು ಹರಿದ ತಕ್ಷಣ ಮಾಗಡಿಗೆ ಕರ್ಕೊಂಡು ಹೋಗೋದು ಅಂತಾಯ್ತು.

"ಅಲ್ಲೀಗಂಟ ಮಗೀನ ನಿದ್ದೆ ಹೋಗಾಕ್ ಬುಡ್ಬ್ಯಾಡಿ," ಅಂದಳು ಚಿಕ್ಕಮ್ಮ. "ಬೆಳಿಗ್ಗೆ ಅದು ಎದ್ದು ನಿಂತ್ಕಬೇಕು. ತಾನಾಗೇ ನಿಂತ್ಕಬೇಕು."

ಮಾನ್ಯಳಿಗೆ ನಡುಕ ಶುರುವಾಗಿತ್ತು. ಹಲ್ಲು ಕಟಕಟ ಅಂತಿತ್ತು. ಮೈ ಮುಟ್ಟಿದರೆ ಬೆಂಕಿ, ಆದರೆ ಚಳಿ ಚಳಿ ಅಂತ ಒಂದೇ ಸಮ. ಮಧ್ಯಾಹ್ನದವರೆಗೆ ಹೀಟರ್ ಇದ್ದು ಇನ್ನೂ ಒಸಿ ಬೆಚ್ಚಗಿದ್ದ ಜಾಗ ಅಂದರೆ ಹುಳದ ಮನೆ ಒಂದೇ. ಹುಳ ಹಾಸಿದ್ದ ಎರಡು ಸ್ಟ್ಯಾಂಡಿನ ನಡುವೆ ಚಾಪೆ ಹಾಕಿ, ಮಗೂನ ಅಲ್ಲೇ ಮಲಗಿಸಿದರು. ಇದ್ದಲನ್ನ ಅಂಗಳದಲ್ಲಿ ಉರಿಸಿ, ಹೊಗೆ ಎಲ್ಲಾ ಹೋದ ಮೇಲೆ ಕೆಂಪು ಕೆಂಡವನ್ನ ಮಣ್ಣಿನ ಅಗ್ಗಿಷ್ಟಿಕೆಗೆ ತುಂಬಿ ಒಳಗೆ ತಂದಿಟ್ಟರು.

ಆಮೇಲೆ ಚಿಕ್ಕಮ್ಮ ಕಿಟಕಿ ಹಾಕಿದಳು. ಒಂದೂ ಬಿಡದೆ. ಸಂದಿಗೆಲ್ಲ ಗೋಣಿಚೀಲ ತುರುಕಿದಳು. ಬಾಗಿಲ ಕೆಳಗೆ ಒದ್ದೆ ಬಟ್ಟೆ. ಮೇಲೆ ಬೇವಿನ ಸೊಪ್ಪು. ಒಂದು ಇರುವೆ ಕೂಡ ಒಳಗೆ ಬರದಂಗೆ ಭದ್ರ ಮಾಡಿದಳು ಪುಣ್ಯಾತ್ಗಿತ್ತಿ. ಹೊಗೆ ಇರಲಿಲ್ಲ, ವಾಸನೆ ಇರಲಿಲ್ಲ. ಹಂಗಾಗಿ ಯಾರಿಗೂ ಏನೂ ಅನುಮಾನ ಬರಲಿಲ್ಲ.

ರಾತ್ರಿ ಬೆಳೀತು.

ಮೇಲೆ ತಗಡು ಚಳಿಗೆ ಕುಗ್ಗಿ ಟಿಕ್... ಟಿಕ್. ಕೆಂಡ ಆಗೊಮ್ಮೆ ಈಗೊಮ್ಮೆ ಸಿಡಿದು ಚಟ್. ಹುಳ ಮಾತ್ರ ನಿಶ್ಶಬ್ದ. ನಯನ ಮಗಳನ್ನ ತಟ್ಟುತ್ತಾ, ಮಗ್ಗಿ ಹೇಳಿಸ್ತಾ ಕೂತಿದ್ದಳು. ಎರಡರ ಮಗ್ಗಿ ಅರ್ಧಕ್ಕೆ ಬಂದಾಗ ಹೊರಗೆ ಏನೋ ಕೇಳಿಸಿತು.

ಸೊರಕ್... ಸೊರಕ್...

ಒದ್ದೆ ಸೀರೆ ನೆಲದ ಮೇಲೆ ಎಳೆದಂಗೆ. ಅಂಗಳದಿಂದ ಗೋಡೆ ಹತ್ತಿರ ಬಂತು. ನಿಂತಿತು. ನೀರು ತೊಟ್ಟಿಕ್ಕುವ ಸದ್ದು... ತಟ್. ತಟ್.

"ಜ್ವರ ಎದ್ವಾ...?"

ಚಿಕ್ಕಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. ನಯನ ಮಗಳ ಕಿವಿ ಮುಚ್ಚಿದಳು.

ಸೊರಕ್... ಸೊರಕ್... ಪಕ್ಕದ ಕಿಟಕಿ.

"ಎದ್ವಾ...?"

ಹಿಂದಿನ ಗೋಡೆ.

"ಎದ್ವಾ...?"

ಹಂಗೇ ಸುತ್ತು ಬರ್ತಾ ಇತ್ತು. ಜೋರಾಗಿ ಅಲ್ಲ, ಸಿಟ್ಟಿನಿಂದ ಅಲ್ಲ. ಪಾಪ, ಅಕ್ಕಪಕ್ಕದ ಮನೆಯವಳು ಬಂದು ವಿಚಾರಿಸಿದಂಗೆ. ಎಷ್ಟು ಹೊತ್ತು ಸುತ್ತಿತೋ ಗೊತ್ತಿಲ್ಲ. ಆಮೇಲೆ ನಿಂತೇ ಹೋಯ್ತು.

ಹೋದಳು ಅಂದ್ಕೊಂಡ ಚಿಕ್ಕರಾಜು. ಮೈ ಸಡಿಲ ಬಿಟ್ಟ. ತಲೆ ಭಾರ. ರೆಪ್ಪೆ ಮೇಲೆ ಯಾರೋ ಕೂತಂಗೆ. ನೋಡಿದರೆ ಚಿಕ್ಕಮ್ಮ ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು, ಬಾಯಿ ತೆರ್ಕೊಂಡು. ನಯನಳ ಕೈ ಮಗಳ ಮೇಲಿತ್ತು, ಆದರೆ ತಟ್ಟುತ್ತಿರಲಿಲ್ಲ. ಅವಳೂ ನಿದ್ದೆ. ಅಲುಗಿಸಿದ. ಏಳಲಿಲ್ಲ. ಅವ್ವ, ಅವ್ವ ಅಂದ. ಏಳಲಿಲ್ಲ.

ಆಗ ಅವನಿಗೆ ಸದ್ದು ಕೇಳಿಸಿತು.

ಸರಸರ... ಸರಸರ...

ಹುಳ ತಿನ್ನುವ ಸದ್ದು! ಅಬ್ಬಾ, ಜ್ವರ ಎದ್ದವು ಅಂತ ಅವನಿಗೆ ಅಳುವೇ ಬಂತಂತೆ. ಫೋನ್ ಟಾರ್ಚ್ ಹಾಕಿದ. ಸ್ಟ್ಯಾಂಡಿನ ಮೇಲೆ ಹಿಡಿದ.

ಒಂದು ಹುಳವೂ ಎದ್ದಿರಲಿಲ್ಲ. ಎಲ್ಲಾ ತಲೆ ಎತ್ತಿ ಕಲ್ಲಿನಂಗೆ ಕೂತಿದ್ದವು. ಜ್ವರಕ್ಕೆ ಕೂತ ಹುಳ ಒಂದೊಂದು ಒಂದೊಂದು ಕಡೆ ಮುಖ ಮಾಡಿರುತ್ತೆ. ಇವು ಎಲ್ಲಾ ಒಂದೇ ಕಡೆ ತಿರುಗಿದ್ದವು. ಮಗು ಮಲಗಿದ್ದ ಕಡೆಗೆ. ಜ್ವರದಲ್ಲಿ ಸೊಪ್ಪು ಹಾಕೋದೂ ಇಲ್ಲ. ಒಂದು ಎಲೆ ಇರಲಿಲ್ಲ ಅಲ್ಲಿ.

ಮತ್ತೆ ತಿನ್ನುತ್ತಾ ಇರೋದು ಏನು...?

ಸರಸರ... ಸದ್ದು ಸ್ಟ್ಯಾಂಡಿನ ಕೆಳಗಿಂದ ಬರ್ತಾ ಇತ್ತು.

ಅವನು ಉಸಿರು ಬಿಟ್ಟರೆ ಬಾಯಿಂದ ಹಬೆ ಬಂತು. ಪಕ್ಕದಲ್ಲೇ ಕೆಂಡ ನಿಗಿನಿಗಿ ಉರೀತಿದೆ, ಬಾಯಲ್ಲಿ ಹಬೆ! ಗೋಡೆಗೆ ಹುಳದ ಮನೆಯವರೆಲ್ಲ ಒಂದು ಥರ್ಮಾಮೀಟರ್ ನೇತುಹಾಕಿರ್ತಾರೆ. ಅದಕ್ಕೆ ಟಾರ್ಚ್ ಬಿಟ್ಟ. ಅದರ ಕೆಂಪು ಗೆರೆ ಅವನು ನೋಡ್ತಾ ನೋಡ್ತಾ ಇಳೀತಿತ್ತು.

"ಅಪ್ಪ..."

ಮಾನ್ಯ ಕಣ್ಣು ಬಿಟ್ಟಿದ್ದಳು. ಮೆಲ್ಲಗೆ, ಯಾರಿಗೋ ಕೇಳಿಸಬಾರದು ಅನ್ನೋ ಹಂಗೆ ಹೇಳಿದಳು. "ಅಪ್ಪ, ಬುಡ್ತಾ ಇಲ್ಲ..."

"ಯಾರ್ ಮಗಾ?"

ಅವಳ ಎಡಗೈ ಸ್ಟ್ಯಾಂಡಿನ ಕೆಳಗೆ, ಕತ್ತಲೊಳಕ್ಕೆ ಚಾಚಿಕೊಂಡಿತ್ತು. ಚಿಕ್ಕರಾಜು ತೋಳು ಹಿಡಿದ. ಮೈಯೆಲ್ಲ ಬೆಂಕಿಯಂಗೆ ಸುಡ್ತಾ ಇತ್ತು. ಮೊಣಕೈಯಿಂದ ಆಚೆ... ಮಂಜುಗಡ್ಡೆ. ಎಳೆದ. ಬರಲಿಲ್ಲ. ಇನ್ನೂ ಜೋರಾಗಿ ಎಳೆದ. ಆ ಕಡೆಯಿಂದಲೂ ಎಳೆಯಿತು.

ನಾನು ಈ ಮಾತು ಕೇಳಿದಾಗ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ. ನೀವೇನು ಹಂಗೆ ನೋಡ್ತೀರಾ? ಅವನು ಹೇಳಿದ್ದನ್ನ ಹೇಳ್ತಿದ್ದೀನಿ.

"ಎದ್ವಾ...?" ಅಂತು ಸ್ಟ್ಯಾಂಡಿನ ಕೆಳಗಿಂದ. ಈಗ ತೀರಾ ಹತ್ತಿರ. ಒದ್ದೆ ಮಣ್ಣಿನ ವಾಸನೆ ಮುಖಕ್ಕೆ ಬಡೀತು.

ಮಗು ಕಣ್ಣು ಮುಚ್ಚೋಕೆ ಶುರು ಮಾಡಿತ್ತು. ಎಬ್ಬಿಸಿ ನಿಲ್ಲಿಸೋಣ ಅಂದರೆ ಅವನಿಗೇ ಕಾಲಲ್ಲಿ ಶಕ್ತಿ ಇಲ್ಲ. ತಲೆಯೊಳಗೆಲ್ಲ ಹತ್ತಿ ತುಂಬಿದಂಗೆ. ಇನ್ನು ಒಂದು ಗಳಿಗೆ ಕೂತರೆ ತಾನೂ ಮಲಗ್ತೀನಿ ಅಂತ ಗೊತ್ತಾಯ್ತಂತೆ. ಆಗ ನೋಡಿ, ಅವನ ಜನ್ಮದಲ್ಲಿ ಒಂದೇ ಒಂದು ಸಲ ಬುದ್ಧಿ ಓಡಿದ್ದು. ಏಳದ್ದು ನಿಂದು ಅಂದಿದ್ದೆ... ಏಳದ್ದು ಅಂದರೆ ಮಗು ಮಾತ್ರವಾ?

"ಹುಳ ಎದ್ದಿಲ್ಲ," ಅಂದ ಗಟ್ಟಿಯಾಗಿ. ಆ ರಾತ್ರಿ ಮೊದಲ ಸಲ ಗಟ್ಟಿಯಾಗಿ. "ನಾನ್ ಮಾತ್ ಕೊಟ್ಟಿದ್ದು ಹುಳದ್ದು. ಒಂದೂ ಎದ್ದಿಲ್ಲ, ಒಂದೂ ಏಳಲ್ಲ. ಎಲ್ಲಾ ನೀನೇ ತಗೊಂಡೋಗು. ನನ್ನ ಮಗೀನ್ ಬುಡು!"

ಹೇಳಿ ಮೂಲೆಯಲ್ಲಿದ್ದ ಬಕೆಟ್ ಎತ್ತಿ ನೀರನ್ನ ಅಗ್ಗಿಷ್ಟಿಕೆ ಮೇಲೆ ಸುರಿದ. ಚುಸ್ಸ್... ಅಂತ ಬೂದಿ, ಹಬೆ ಮೇಲೆದ್ದಿತು. ಕಾದ ಮಣ್ಣು ಟಪ್ ಅಂತ ಎರಡು ಹೋಳಾಯ್ತು. ಬಿದ್ದು ಎದ್ದು ಹೋಗಿ ಕಿಟಕಿಯ ಗೋಣಿ ಕಿತ್ತ. ಒಂದು ಕಿಟಕಿ, ಇನ್ನೊಂದು ಕಿಟಕಿ. ಕೊನೆಗೆ ಬಾಗಿಲು ಒದ್ದ. ಹೊರಗಿನ 'ಜುಮ್' ಅನ್ನೋ ಚಳಿ ಒಳಗೆ ನುಗ್ಗಿತು. ಇಷ್ಟು ದಿನ ಮಕ್ಕಳ ಥರ ಕಾಪಾಡಿಕೊಂಡು ಬಂದ ಬದುಕನ್ನ ತನ್ನ ಕೈಯಾರೆ ಚಳಿಗೆ ಹಾಕಿದ. ಹುಳ ಮೇಯಿಸೋನಿಗೆ ಅದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಾಗಲ್ಲ.

ಸರಸರ ಸದ್ದು ನಿಂತಿತು.

ಮಗೂನ ಎಳೆದ. ಬಂತು. ಸಲೀಸಾಗಿ ಬಂತು. ಎದೆಗೆ ಹಾಕ್ಕೊಂಡು ಅಂಗಳಕ್ಕೆ ಓಡಿದ. ಅಲ್ಲಿ ಕಾಲ ಮೇಲೆ ನಿಲ್ಲಿಸಿ, "ನಿಂತ್ಕೊ ಮಗಾ, ನಿಂತ್ಕೊ, ನಿಮ್ಮಪ್ಪನ್ ಜೀವ ಉಳ್ಸು" ಅಂತ ಅಳ್ತಾ ಬೇಡಿಕೊಂಡನಂತೆ. ಅದು ಎರಡು ಸಲ ಕುಸೀತು. ಮೂರನೇ ಸಲ ಅವನ ಷರ್ಟು ಹಿಡ್ಕೊಂಡು ನಿಂತಿತು. ಜೋರಾಗಿ ಉಸಿರೆಳೆದು, ವಾಂತಿ ಮಾಡಿ, ಆಮೇಲೆ ಅಳೋಕೆ ಶುರು ಮಾಡಿತು.

ಅಷ್ಟು ಹಿತವಾದ ಅಳು ನಾನು ಕೇಳಿದ್ದೇ ಇಲ್ಲ ಕಣಕ್ಕ ಅಂದ.

ಆಮೇಲೆ ಹೆಂಡತಿಯನ್ನ, ಅವ್ವನ್ನ ದರದರ ಹೊರಗೆ ಎಳೆದು ತಂದ. ಅವರೂ ಒಸಿ ಹೊತ್ತಿಗೆ ಕಣ್ಣು ಬಿಟ್ಟರು. ಚಿಕ್ಕಮ್ಮ ಕಣ್ಣು ಬಿಟ್ಟವಳೇ ಅಗ್ಗಿಷ್ಟಿಕೆ ಒಡೆದದ್ದು ನೋಡಿ ಬೈಯೋಕೆ ಶುರು ಮಾಡಿದಳು. ಅವಳು ಬದುಕಿದ್ದಾಳೆ ಅಂತ ಗ್ಯಾರಂಟಿ ಆಗಿದ್ದೇ ಆಗ.

ಬೆಳಿಗ್ಗೆ ಮಾಗಡಿಗೆ ಹೋದರು. ಡಾಕ್ಟರು ಎಲ್ಲಾ ಕೇಳಿ, ಇವನ ಜನ್ಮ ಜಾಲಾಡಿದರಂತೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ವಾಸನೆ ಇಲ್ಲದ ವಿಷಗಾಳಿ ತುಂಬ್ಕೊಳುತ್ತೆ, ನಿದ್ದೆ ಬಂದಂಗೆ ಬಂದು ಪ್ರಾಣ ಹೋಗುತ್ತೆ, ಇಲ್ಲದ್ದೆಲ್ಲಾ ಕಾಣುತ್ತೆ, ಕೇಳುತ್ತೆ, ಕಿಟಕಿ ತೆಗೆದಿದ್ದಕ್ಕೆ ನಾಲ್ಕೂ ಜನ ಉಳಿದ್ರಿ ಅಂದರು. ಸರಿ. ನಾನು ಒಪ್ತೀನಿ. ಡಾಕ್ಟರ ಜೊತೆ ನನಗೇನು ಜಗಳ? ಕಿಟಕಿ ಸಂದು ಬಿಡಿ ಅಂತ ಮೊದಲೇ ಹೇಳಿದ್ನಲ್ಲ, ಅದು ಅವರ ಮಾತೇ.

ಆದರೆ ಆ ಡಾಕ್ಟರು ಹುಳದ ಮನೆಗೆ ಬಂದು ನೋಡಿಲ್ಲ. ನಾನು ನೋಡಿದೆ. ಸುದ್ದಿ ಕೇಳಿ ರಾಮನಗರದಿಂದ ಮಾರನೇ ದಿನವೇ ಹೋದೆ. ಚಳಿಗೆ ಸತ್ತ ಹುಳ ಕಪ್ಪಗಾಗಿ ಬಿದ್ದಿರುತ್ತೆ, ವಾಸನೆ ಬರುತ್ತೆ, ಗುಡಿಸಿ ಹಾಕೋದೇ ಒಂದು ದಿನದ ಕೆಲಸ ಅಂತ ಪೊರಕೆ ಹಿಡ್ಕೊಂಡೇ ಒಳಗೆ ಹೋದೆ. ಸ್ಟ್ಯಾಂಡ್ ಖಾಲಿ. ಹುಳ ಇಲ್ಲ. ಪೊರೆ ಇಲ್ಲ. ಹಾಸಿದ ಪೇಪರ್ ಮೇಲೆ ಜ್ವರಕ್ಕೆ ಅಂತ ಉದುರಿಸಿದ್ದ ಸುಣ್ಣದ ಪುಡಿ ಹಂಗೇ ಇತ್ತು, ಮೇಲೆ ಒಂದು ಗೆರೆ ಕೂಡ ಇಲ್ಲದೆ. ಇರುವೆ, ಇಲಿ, ಹಲ್ಲಿ ಅಂತ ನೀವು ಏನಾದರೂ ಹೇಳಿ. ಅಷ್ಟೂ ಹುಳ ಒಂದೇ ರಾತ್ರಿ ತಿನ್ನೋ ಇಲಿ ಆ ಊರಲ್ಲಿ ಇಲ್ಲ. ಚಿಕ್ಕಮ್ಮ ಬಾಗಿಲಲ್ಲೇ ನಿಂತು, "ಒಪ್ಕಂಡ್ಳು" ಅಂತ ಕೈ ಮುಗಿದಳು, ಅಷ್ಟೇ.

ಮಾನ್ಯ ಈಗ ಚೆನ್ನಾಗಿದ್ದಾಳೆ. ಒಂದು ಜ್ವರ ಬಂದಿಲ್ಲ, ಒಂದು ಶೀತ ಆಗಿಲ್ಲ. ಬಾಯಿ ಅಂತೂ ಅಜ್ಜಿಯದೇ.

ಇನ್ನೊಂದು ಹೇಳಬೇಕಾ ಬೇಡವಾ ಅಂತ ಯೋಚಿಸ್ತಿದ್ದೆ. ಹೇಳಿಬಿಡ್ತೀನಿ. ಹೋದ ಮೇ ತಿಂಗಳು ಅವರ ಮನೆಗೆ ಹೋಗಿದ್ದೆ. ಮಧ್ಯಾಹ್ನ. ಬಂಡೆ ಕಾದು ಗಾಳಿಯೇ ಬಿಸಿ. ನಯನ ಜಗಲಿ ಮೇಲೆ ಮಗಳಿಗೆ ತಲೆ ಬಾಚ್ತಾ ಕೂತಿದ್ದಳು. ಕೊಬ್ಬರಿ ಎಣ್ಣೆ ಶೀಶೆಯಲ್ಲಿ ನೀರಿನಂಗೆ ಅಲ್ಲಾಡ್ತಿತ್ತು. "ಕೈ ಹಿಡಿ" ಅಂದಳು. ಹುಡುಗಿ ಮರೆತು ಎಡಗೈ ಹಿಡಿದಳು. ನಯನ ಒಂದಿಷ್ಟು ಎಣ್ಣೆ ಸುರಿದಳು.

ಅದು ಅಂಗೈಯಲ್ಲಿ ನಿಂತಿತು. ಅಂಚಿನಿಂದ ಬೆಳ್ಳಗಾಗ್ತಾ ಬಂತು... ನಾನು ನೋಡ್ತಾ ಇದ್ದಂಗೇ ಬಿಲ್ಲೆ ಥರ ಗಟ್ಟಿಯಾಯ್ತು.

ನಯನ ಬೆಚ್ಚಲೂ ಇಲ್ಲ. "ಆ ಕೈಗೆ ಬ್ಯಾಡ ಅಂತ ಎಷ್ಟ್ ಸತಿ ಹೇಳಿಲ್ಲ?" ಅಂತ ಗದರಿ, ಅದನ್ನ ಉಗುರಲ್ಲಿ ಎಬ್ಬಿಸಿ ಮಗಳ ಬಲಗೈಗೆ ಹಾಕಿದಳು. ಅಲ್ಲಿ ಕರಗಿತು. ತಲೆಗೆ ಹಚ್ಚಿ ಜಡೆ ಹಾಕಿದಳು.

ನಾನೇ ನೋಡಿದೆ. ಆ ಬಿಲ್ಲೆಯನ್ನ ಬೆರಳಿಂದ ಮುಟ್ಟಿಯೂ ನೋಡಿದೆ. ತಣ್ಣಗಿತ್ತು.